ಅಪಘಾತಕ್ಕೆ ಚಾಲಕನೊಬ್ಬನೇ ಕಾರಣನೆ?

ಅಪಘಾತದ ಸುದ್ದಿಯನ್ನು ಓದಿದಾಗಲೆಲ್ಲ ಕೊನೆಯಲ್ಲಿ ಒಂದೇ ಮಾತು ಎದುರಾಗುತ್ತದೆ: ಚಾಲಕನ ಅತಿವೇಗ ಮತ್ತು ಅಜಾಗರೂಕತೆಯೇ ಘಟನೆಗೆ ಕಾರಣ. ಈ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ವಿಚಾರಣೆ ಆರಂಭವಾಗಬೇಕಾದಲ್ಲಿಯೇ ಅದು ವಿಚಾರಣೆಯನ್ನು ಮುಗಿಸಿಬಿಡುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳನ್ನು ಕೇಂದ್ರ ಸರ್ಕಾರದ ವರದಿ ಅತಿವೇಗದ ಲೆಕ್ಕಕ್ಕೆ ಬರೆದಿದೆ. ರಸ್ತೆಯ ಪಾಲೆಷ್ಟು?

ನಮ್ಮ ಸೇಡಂ ತಾಲ್ಲೂಕಿನ ಮುಧೋಳದ ಸೀಮೆಯನ್ನೇ ನೋಡಿ. (ಬೇಟೆನಾಯಿಗೆ ಹೆಸರಾದ ಮುಧೋಳ ಬೇರೆ, ಅದು ಬಾಗಲಕೋಟೆ ಜಿಲ್ಲೆಯದು.) ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರಿನ ಅಂಚು ನಿಲ್ಲುವುದಿಲ್ಲ. ಮೇಲಾಗಿ ಮಳಖೇಡ, ಸೇಡಂ, ವಾಡಿಗಳ ಸಿಮೆಂಟು, ಶಹಾಬಾದದ ಪರಸಿಕಲ್ಲು ಹೊತ್ತ ಲಾರಿಗಳ ಭಾರ ಬೇರೆ. ಎದುರಾದ ಲಾರಿಗೆ ದಾರಿ ಕೊಡಲು ಬೈಕ್ ಸವಾರ ಮಣ್ಣಿಗೆ ಇಳಿಯುತ್ತಾನೆ. ಮರಳಿ ಏರುವಾಗ ಚಕ್ರ ಆ ಅಂಚಿಗೆ ಉಜ್ಜಿ ಉರುಳುತ್ತಾನೆ. ತೊಗರಿ ರಾಶಿಯ ದಿನಗಳಲ್ಲಾದರೆ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಕತ್ತಲಲ್ಲಿ ನಿಂತಿರುತ್ತದೆ. ಎರಡೂ ಕಡೆ ಬರೆಯುವುದು ಅಜಾಗರೂಕತೆಯೆಂದೇ. ಅಂಚು ಎಷ್ಟು ಅಂಗುಲ ಎತ್ತರವಿತ್ತೆಂದು ಅಳೆದವರಾರು?

ರಸ್ತೆಯನ್ನೂ ಪ್ರಶ್ನಿಸಲು ಕಾನೂನಿನಲ್ಲಿ ಅವಕಾಶವಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನಂತೆ, ನಿಗದಿತ ಗುಣಮಟ್ಟ ಪಾಲಿಸದೆ ಸಾವಿಗೆ ಎಡೆಮಾಡಿದ ಗುತ್ತಿಗೆದಾರ ಅಥವಾ ಅಧಿಕಾರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಜೀವಕ್ಕೆ ಇದು ಅಗ್ಗದ ಬೆಲೆಯೆಂದೇ ನನ್ನ ಅಭಿಪ್ರಾಯ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರಿನಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೆ 10 ಜನ ಸತ್ತರೆ, ಅದು 'ಕಪ್ಪುಚುಕ್ಕೆ'. ಅಂದರೆ ಅಷ್ಟು ಜನ ಬೀಳುವವರೆಗೂ ಆ ಸ್ಥಳಕ್ಕೆ ಹೆಸರೇ ಇಲ್ಲ!

ಪರಿಹಾರವನ್ನು ಅಳೆಯುವುದರಲ್ಲಿಯೂ ಎಚ್ಚರ ಬೇಕು. ಒಂದು ತಿರುವಿನಲ್ಲಿ ಒಂದು ವರ್ಷ ಸಾವು ಹೆಚ್ಚಿದರೆ, ಏನೂ ಮಾಡದಿದ್ದರೂ ಮರುವರ್ಷ ಇಳಿಯುವ ಸಂಭವವೇ ಹೆಚ್ಚು. ನಡುವೆ ಫಲಕವೊಂದನ್ನು ನೆಟ್ಟವರು ಕೀರ್ತಿ ಪಡೆಯುತ್ತಾರೆ. ಬೆಂಗಳೂರು-ಮೈಸೂರು ಹೆದ್ದಾರಿಯ ಕಥೆ ಇದಕ್ಕಿಂತ ಗಟ್ಟಿಯಾದದ್ದು. 2023ರ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಿದರು. ವೇಗ ಹಿಡಿಯುವ ಕ್ಯಾಮೆರಾಗಳೂ ಬಂದವು. ಪೊಲೀಸರ ಲೆಕ್ಕದಂತೆ 2023ರಲ್ಲಿ 188 ಇದ್ದ ಸಾವು 2024ರಲ್ಲಿ 50ಕ್ಕೆ ಇಳಿಯಿತು. ಇಷ್ಟು ದೊಡ್ಡ ಇಳಿಕೆಯನ್ನು ಆಕಸ್ಮಿಕವೆನ್ನಲಾಗದು. ಆದರೂ ಆ ಬೈಕುಗಳೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಸರಿದವಲ್ಲ, ಅಲ್ಲಿನ ಸಾವುಗಳನ್ನೂ ಅದೇ ಹಾಳೆಯಲ್ಲಿ ಕೂಡಿಸಬೇಕು.

ನನ್ನ ಕೈಯಲ್ಲಿ ಓದಿದವರಲ್ಲಿ ಎಂಜಿನಿಯರುಗಳಿದ್ದೀರಿ, ಪೊಲೀಸರೂ ಇದ್ದೀರಿ. ಮುಂದಿನ ಸಲ ಊರಿಗೆ ಬಂದಾಗ ಒಂದು ಅಳತೆಪಟ್ಟಿ ತನ್ನಿ. ಸೇಡಂ ದಾಟಿದ ಮೇಲೆ ಎರಡು ಮೂರು ಕಡೆ ಗಾಡಿ ನಿಲ್ಲಿಸಿ, ಡಾಂಬರಿನ ಅಂಚಿಗೂ ಮಣ್ಣಿಗೂ ಎಷ್ಟು ಅಂತರವಿದೆಯೆಂದು ನೋಡಿ ನನಗೆ ಬರೆಯಿರಿ.