ಹಗೇವು ಮುಚ್ಚಿದ ಮೇಲೆ

ಕೋಲಾರ, ತುಮಕೂರು ಕಡೆ ಈಗ ಹಗೇವು ಎಂದರೇನೆಂದು ಹುಡುಗರಿಗೆ ಬಿಡಿಸಿ ಹೇಳಬೇಕು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಕಣಜ ಅದು. ಬಾಯಿ ಒಬ್ಬ ಆಳು ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ರಾಗಿಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆದ ದಿನ ಯಾರೂ ಸರಕ್ಕನೆ ಇಳಿಯುವಂತಿಲ್ಲ, ಒಳಗೆ ಉಸಿರುಕಟ್ಟುವ ಗಾಳಿ. ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಆ ರಾಗಿಗೆ ಮಣ್ಣಿನದೇ ಒಂದು ವಾಸನೆ. ಅದರ ಮುದ್ದೆ ಉಂಡವರು ಅದನ್ನು ಮರೆತಿಲ್ಲ.

ಮಳೆ ಕೈಕೊಟ್ಟ ವರ್ಷ ಹಗೇವು ಮನೆಯನ್ನು ಸಾಕುತ್ತಿತ್ತು. ಇಲ್ಲದವರು ಇದ್ದವರಿಂದ ಕೊಳಗದಲ್ಲಿ ಅಳೆದು ತಂದು, ಸುಗ್ಗಿಯಲ್ಲಿ ಹೆಚ್ಚಿಗೆ ಸೇರಿಸಿ ಅಳೆದುಕೊಡುತ್ತಿದ್ದರು. ಆ ಹೆಚ್ಚಿಗೆಯಲ್ಲಿ ಎಷ್ಟೋ ಬಡವರ ಬೆನ್ನು ಮುರಿದಿದೆ, ಅದನ್ನು ಮುಚ್ಚಿಡಲಾರೆ. ಆದರೂ ಎಷ್ಟು ಉಳಿಸಬೇಕು, ಯಾವಾಗ ಮಾರಬೇಕು ಎಂಬ ತೀರ್ಮಾನ ಊರಿನೊಳಗೇ ಇತ್ತು.

ಹೊಲವೂ ಹಾಗೇ ಇತ್ತು. ಕೂರಿಗೆಯ ಹಿಂದೆ ಕಾಳು ಬಿಡುವ ಸಡ್ಡೆ ಹಿಡಿದು ಹೆಂಗಸರು ರಾಗಿಯ ನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಜೋಳ, ಹರಳು, ಸಾಸಿವೆ, ಅಂಚಿಗೆ ದನ ಬಾಯಿ ಹಾಕದ ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ಹೊಲ ಬರಿದಾಗುತ್ತಿರಲಿಲ್ಲ. ಧನುರ್ಮಾಸದ ಚಳಿಯಲ್ಲಿ ಸೊಗಡಿನ ಅವರೆ, ಆಮೇಲೆ ತೊಗರಿ, ಹರಳು. ಮುದ್ದೆ, ಅದಕ್ಕೆ ಸಾರು, ಒಗ್ಗರಣೆಯ ಸಾಸಿವೆ, ದೀಪದ ಎಣ್ಣೆ, ದನದ ಮೇವು ಎಲ್ಲ ಒಂದೇ ಹೊಲದ್ದು. ಮಳೆ ಹಿಂದುಮುಂದಾಗಿ ರಾಗಿ ಸೊರಗಿದರೂ, ಬೇರು ಆಳಕ್ಕಿಳಿಸಿದ ತೊಗರಿ ಒಂದಿಷ್ಟು ಕಾಳು ಕೊಡುತ್ತಿತ್ತು.

ಇದನ್ನು ಯಾರೋ ಒಬ್ಬರು ಬಂದು ಕಿತ್ತುಕೊಳ್ಳಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ಕಾಲಿಟ್ಟಿತು. ಆಳು ಬೇಡ, ಕಾವಲು ಬೇಡ, ನೆಟ್ಟು ಬೆಂಗಳೂರು ಸೇರಬಹುದು. ಕೊಳವೆಬಾವಿ ಇದ್ದವರು ಟೊಮೆಟೊ ಹಿಡಿದರು. ಎಷ್ಟೋ ಕಡೆ ನೀರು ಸಾವಿರ ಅಡಿಗೂ ಕೆಳಗಿಳಿದು ಸಾಲವಷ್ಟೇ ಉಳಿಯಿತು. ರಾಗಿ ಬಿಡದವರ ಹೊಲಕ್ಕೆ ಕಳೆನಾಶಕ ಬಂತು. ಅಗಲ ಎಲೆಯ ಕಳೆ ಸುಡುವ ಆ ಔಷಧಿಗೆ ಅವರೆಯೂ ಒಂದು ಕಳೆಯೇ. ಕೊಯ್ಲಿನ ಯಂತ್ರಕ್ಕೂ ನಡುವೆ ನಿಂತ ತೊಗರಿ ಅಡ್ಡಿ. ಕಳೆ ಕೀಳಲು ಆಳು ಸಿಗದೆ ಒದ್ದಾಡುವ ಮನೆಯವರನ್ನು ನಾನು ಹೇಗೆ ದೂರಲಿ?

ಪಡಿತರದ ಅಕ್ಕಿ ಹಸಿವನ್ನು ತಡೆದಿದೆ, ಬಡವರ ಪಾಲಿಗೆ ಅದು ಸಣ್ಣ ಮಾತಲ್ಲ. ರಾಗಿಗೂ 2024-25ರಲ್ಲಿ ಕ್ವಿಂಟಲ್‌ಗೆ 4,290 ರೂಪಾಯಿ ಬೆಂಬಲ ಬೆಲೆ ಸಿಕ್ಕಿತು. ಖರೀದಿ ಕೇಂದ್ರದ ಮುಂದೆ ರಾಗಿ ಚೀಲ ಹೊತ್ತ ಟ್ರ್ಯಾಕ್ಟರುಗಳನ್ನು ಕಂಡರೆ ನನಗೆ ಸಂತೋಷವೇ ಆಗುತ್ತದೆ. ಆದರೆ ಅಲ್ಲಿ ಎಣಿಸುವುದು ಚೀಲವನ್ನು. ಅಕ್ಕಡಿ ಸಾಲಿನ ನಾಲ್ಕು ಸೇರು ಅಲಸಂದೆ, ಎರಡು ಸೇರು ಹುಚ್ಚೆಳ್ಳು ಯಾರ ಲೆಕ್ಕಕ್ಕೂ ಬರಲಿಲ್ಲ. ಬೂದಿ ಬೆರೆಸಿ ಮಡಕೆಯಲ್ಲಿ ಬೀಜ ಕಾಯ್ದಿಡುವ ಅಜ್ಜಿಯರು ಇನ್ನೂ ಕೆಲವರಿದ್ದಾರೆ, ಬೀಜ ಕೇಳಿಕೊಂಡು ಹೋಗುವವರು ಕಡಿಮೆ. ರಾಗಿ ಮಾರಿದ ದುಡ್ಡಿನಲ್ಲೇ ಈಗ ಬೆಳೆದವರ ಮನೆಗಳಿಗೆ ತೊಗರಿಬೇಳೆ, ಎಣ್ಣೆ, ಸಾಸಿವೆ ಬರಬೇಕು, ಅಂಗಡಿಯವನು ಹೇಳಿದ ಬೆಲೆಗೆ.