ನಾಚಿಕೆ ಆಮೇಲೆ, ಮೊದಲು ಲೇಬಲ್ ಓದಿ (ಭಾಗ 4)

ಎಂ.ಎ. ಗೆಳತಿಯರೇ, ಇದು 18 ದಾಟಿದವರಿಗೆ. "ವೈಬ್ರೇಟರ್ ತಗೊಳ್ಳೋದಾದ್ರೆ ಯಾವ್ದು?" ಅಂತ ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ರಿ.

ನನಗೆ ಮೊದಲ ಸಲ, ರೂಮ್‌ಮೇಟ್ ಬರೋದ್ರೊಳಗೆ ಆರ್ಡರ್ ಮುಗಿಸೋ ಆತುರ. ಎಲ್ಲಕ್ಕಿಂತ ಅಗ್ಗದ್ದು, 'ಮಸಾಜರ್' ಅಂತ ಹೆಸರು. ಯಾವುದರಿಂದ ಮಾಡಿದ್ದು ಅಂತ ಓದಲೇ ಇಲ್ಲ. ಡಬ್ಬ ತೆಗೆದರೆ ಹೊಸ ರೇನ್‌ಕೋಟ್ ವಾಸನೆ. ಎರಡೇ ವಾರಕ್ಕೆ ತುರಿಕೆ, ಉರಿ. ಡಾಕ್ಟರ್ ಹತ್ರ "ಸೋಪ್ ಬದಲಾಯಿಸಿದೆ" ಅಂತ ಸುಳ್ಳು ಹೇಳಿದೆ. ಮೂರನೇ ಸಲ ನಿಜ ಹೇಳಿದಾಗ ಅವರು ಬೈಯಲಿಲ್ಲ, ಕೇಳಿದ್ದು ಒಂದೇ: "ಯಾವ ಮೆಟೀರಿಯಲ್ಲಮ್ಮ?"

ಆಕಾರ, ಬಣ್ಣಕ್ಕಿಂತ ಮೊದಲು ನೀವೂ ಅದನ್ನೇ ನೋಡಿ. ಮೆಡಿಕಲ್ ಗ್ರೇಡ್ ಸಿಲಿಕೋನ್‌ನಲ್ಲಿ ಸೂಕ್ಷ್ಮ ರಂಧ್ರಗಳಿರಲ್ಲ, ತೊಳೆದರೆ ಶುಚಿಯಾಗುತ್ತೆ. ಮೆತ್ತನೆಯ 'ಜೆಲ್ಲಿ' ಪ್ಲಾಸ್ಟಿಕ್‌ನ ರಂಧ್ರಗಳಲ್ಲಿ ಕೊಳೆ ಕೂರುತ್ತೆ; ಕೆಲವದರಲ್ಲಿ ಥಾಲೇಟ್ ಅನ್ನೋ ರಾಸಾಯನಿಕವೂ ಇರುತ್ತೆ. ಸಿಲಿಕೋನ್‌ದಕ್ಕೆ ವಾಟರ್ ಬೇಸ್ಡ್ ಲ್ಯೂಬ್ ಬಳಸಿ. ಸಿಲಿಕೋನ್ ಲ್ಯೂಬ್ ಅದರ ಮೇಲ್ಮೈಯನ್ನ ಹಾಳು ಮಾಡಬಹುದು. ಬಳಸೋ ಮುಂಚೆ, ಆಮೇಲೆ ಎರಡೂ ಸಲ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ. ಯಾರ ಜೊತೆಗೂ ಹಂಚ್ಕೋಬೇಡಿ.

ಬೇಡ ಅನ್ನಿಸಿದ್ರೆ ತಗೊಳ್ಳದೇ ಇರೋದೂ ಸರಿಯೇ. ತಗೊಳ್ಳೋದಾದ್ರೆ, ಮಿಕ್ಸಿ ಕೊಳ್ಳುವಾಗ ಅಮ್ಮ ಅಂಗಡಿಯವನಿಗೆ ನೂರು ಪ್ರಶ್ನೆ ಕೇಳ್ತಾರಲ್ಲ, ಹಾಗೆ ಕೇಳಿ. ಇದು ನಿಮ್ಮ ಮೈ ವಿಷಯ.