ಎಂಜಿನ್ನಿನ ಜೀರ್ಣೋದ್ಧಾರ

ಕೆಟ್ಟ ಎಂಜಿನ್ನನ್ನು ಬದಲಾಯಿಸುವುದೋ, ಬಿಚ್ಚಿ ಮರಳಿ ಕಟ್ಟುವುದೋ ಎಂಬ ಪ್ರಶ್ನೆ ವಾಚಕರಿಗೆ ಗ್ಯಾರೇಜಿನ ಮಾತೆನಿಸಬಹುದು. ನಮ್ಮ ಮನೆಯಲ್ಲಿ ಅದು ಎರಡು ವಾರ ಊಟದ ಹೊತ್ತಿನ ವ್ಯಾಜ್ಯವಾಗಿತ್ತು.

ವ್ಯಾಜ್ಯದ ವಸ್ತು ತಂದೆಯವರ ಯೆಜ್ಡಿ ರೋಡ್‌ಕಿಂಗ್ ಮೋಟಾರ್ ಸೈಕಲ್ಲು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಧೂಳನ್ನೂ ನೌಕರಿಯ ಕಾಲದಲ್ಲಿ ಅದರ ಮೇಲೆಯೇ ಕುಡಿದವರು ಅವರು. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಮರಳಿ ಬಂದಿತಾದರೂ ಒಳಗಿನ ಯಂತ್ರ ಬೇರೆ ಜಾತಿಯದು.

ಗುಜರಿಯ ಎಂಜಿನ್ನೊಂದನ್ನು ಕೂರಿಸಿಬಿಡಿ ಎಂದರು ಹಿತೈಷಿಗಳು. ಆ ಸಲಹೆಯನ್ನು ನಾನು ಹೀಗಳೆಯಲಾರೆ. ಪೆಟ್ರೋಲಿನ ಅಂಬಾಸಡರ್ ಕಾರಿಗೆ ಡೀಸೆಲ್ ಎಂಜಿನ್ನನ್ನಿಟ್ಟು ಬಾಡಿಗೆ ಹೊಡೆದು ಮಕ್ಕಳನ್ನು ಓದಿಸಿದವರಿದ್ದಾರೆ. ಆಶ್ಚರ್ಯವೆಂದರೆ ತಂದೆಯವರೂ ಅದೇ ಪಕ್ಷ. "ಓಡಿದರೆ ಸಾಕಯ್ಯ, ವಂಶಾವಳಿ ಏಕೆ?" ಎಂದರು. ಎಂಬತ್ತು ದಾಟಿದವರಿಗೆ ಕಾಯುವ ವ್ಯವಧಾನವಿರಲಿಲ್ಲ.

ಕೃಷ್ಣರಾಜಪೇಟೆಯ ಮೇಸ್ತ್ರಿಯೊಬ್ಬರು ಎಂಜಿನ್ನನ್ನು ಬಿಚ್ಚಿದಾಗ ಕಾರಣ ಕಂಡಿತು. ಈ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಪ್ರತ್ಯೇಕ ಎಣ್ಣೆಯಿಲ್ಲ. ಪೆಟ್ರೋಲಿನಲ್ಲಿ ಬೆರೆತು ಬಂದದ್ದೇ ಅದರ ಅಭ್ಯಂಜನ. ಡೈನಮೋ ಬದಿಯ ರಬ್ಬರ್ ಸೀಲು ಸವೆದು ಗಾಳಿ ಒಳನುಗ್ಗಿತ್ತು. ಮಿಶ್ರಣ ತೆಳುವಾಯಿತು, ಪಿಸ್ಟನ್ನು ಕಾದು ಹಿಗ್ಗಿತು, ಸಿಲಿಂಡರಿನ ಗೋಡೆಯನ್ನು ಕಚ್ಚಿ ಹಿಡಿಯಿತು. ಒಂದು ಸಣ್ಣ ರಬ್ಬರು ಇಷ್ಟೆಲ್ಲ ಅನರ್ಥ ಮಾಡಿತ್ತು!

ಬಿಚ್ಚಿ ಕಟ್ಟುವುದೆಂದೇ ನಿಶ್ಚಯಿಸಿದೆ. ಸಿಲಿಂಡರನ್ನು ಮೈಸೂರಿನಲ್ಲಿ ಕೊರೆಸಿ, ಒಂದಳತೆ ದೊಡ್ಡ ಪಿಸ್ಟನ್ನು ಹಾಕಿಸಿದ್ದಾಯಿತು. ಕಷ್ಟವೆಲ್ಲ ಕ್ರ್ಯಾಂಕಿನದು. ಅದರ ಎರಡು ಗಾಲಿಗಳನ್ನು ಒತ್ತುಯಂತ್ರದಲ್ಲಿ ಬೇರ್ಪಡಿಸಿ, ಹೊಸ ಕನೆಕ್ಟಿಂಗ್ ರಾಡನ್ನೂ ಬೇರಿಂಗನ್ನೂ ಸೇರಿಸಿ, ಕೂದಲೆಳೆಯಷ್ಟೂ ಓರೆಯಾಗದಂತೆ ಮತ್ತೆ ಕೂಡಿಸಬೇಕು. ಮೇಸ್ತ್ರಿ ಮೊದಲ ಜೋಡಣೆ ಮೆಚ್ಚದೆ ಬಿಚ್ಚಿದರು, ಎರಡನೆಯದನ್ನೂ ಬಿಚ್ಚಿದರು. ನನ್ನ ವಿದ್ಯಾರ್ಥಿಗಳ ಪ್ರಬಂಧಗಳನ್ನು ನಾನು ಅಷ್ಟು ನಿಷ್ಠುರವಾಗಿ ತಿದ್ದಿದ್ದಿಲ್ಲ. ಕೊನೆಗೆ ಹಳೆಯದಾಗಿ ಉಳಿದವು ಮುಖ್ಯವಾಗಿ ಹೊರಕವಚ, ಗೇರುಗಳು ಮತ್ತು ಕವಚದ ಮೇಲೆ ಕೆತ್ತಿದ್ದ ಸಂಖ್ಯೆ. ಅದು ನೋಂದಣಿ ಪುಸ್ತಕದಲ್ಲಿಯೂ ಇರುವುದರಿಂದ ಅದನ್ನು ತಿದ್ದಿಸುವ ತೊಂದರೆ ತಪ್ಪಿತು.

ಹೊಸ ಪಿಸ್ಟನ್ನು ಹದಗೊಳ್ಳುವವರೆಗೆ ವೇಗ ಕೂಡದು. ಆದ್ದರಿಂದ ತಂದೆಯವರನ್ನು ಹಿಂದೆ ಕೂರಿಸಿಕೊಂಡು ಚಿನಕುರಳಿಯ ಹಾದಿಯಲ್ಲಿ ಮೆಲ್ಲನೆ ಹೊರಟೆ. ಸೈಕಲ್ಲಿನ ಹುಡುಗನೊಬ್ಬ ನಮ್ಮನ್ನು ಹಿಂದಿಕ್ಕಿದ. ನಾಗಮಂಗಲದ ಸೌಮ್ಯಕೇಶವ ದೇವಾಲಯದೆದುರು ಗಾಡಿಯನ್ನು ಆರಲು ನಿಲ್ಲಿಸಿದಾಗ ತಂದೆಯವರು ಸಿಲಿಂಡರಿನತ್ತ ಅಂಗೈ ಚಾಚಿ ಬಿಸಿ ನೋಡಿದರು. "ಇಲ್ಲಿಂದ ನಾನು ಓಡಿಸುತ್ತೇನೆ" ಎಂದರು.

ಬೀಗದ ಕೈ ಕೊಟ್ಟು ಹಿಂದಿನ ಸೀಟಿಗೆ ಸರಿದೆ.